ಎದುರು ಕೂತವರ ಪಾಲು

ಹಳ್ಳಿಯಲ್ಲಿ ಮುಖಚಿತ್ರ ತೆಗೆಯುವವರಿಗೆ ಬಾಡಿಗೆಯ ಮಾಡೆಲ್ ಬೇಕಿಲ್ಲ, ದುಬಾರಿ ಸ್ಟುಡಿಯೋವೂ ಬೇಕಿಲ್ಲ. ಅಂಗಳ, ಜಗಲಿ, ಸುತ್ತಲಿನ ಜನ ಇದ್ದರೆ ಸಾಕು. ಆ ಜನರಿಗೆ ಸಲ್ಲಬೇಕಾದ್ದು ಮಾತ್ರ ಸಲ್ಲಬೇಕು.

ಪೇಟೆಯ ಫೋಟೋ ಹವ್ಯಾಸಿಗಳಿಗೆ ಒಂದು ಅನುಕೂಲ ಇದೆ. ನಾಲ್ಕೈದು ಜನ ಹಣ ಹಾಕಿ ಒಬ್ಬ ಮಾಡೆಲನ್ನು ಗೊತ್ತುಮಾಡುತ್ತಾರೆ. ಅವರು ಹೇಳಿದ ಹೊತ್ತಿಗೆ ಬರುತ್ತಾರೆ, ಹೇಳಿದ ಹಾಗೆ ನಿಲ್ಲುತ್ತಾರೆ, ಸಂಜೆ ಸಂಭಾವನೆ ಪಡೆದು ಹೊರಡುತ್ತಾರೆ. ಲೆಕ್ಕ ಚುಕ್ತಾ.

ತೋಟದ ನಡುವೆ ಕ್ಯಾಮರಾ ಹಿಡಿದ ಕೃಷಿಕನಿಗೆ ಈ ಏರ್ಪಾಡು ಇಲ್ಲ. ನನ್ನ ಮಾಡೆಲ್‌ಗಳೆಂದರೆ ಅಡಿಕೆ ಸುಲಿಯಲು ಬರುವ ಅಕ್ಕಂದಿರು, ಮದ್ದು ಬಿಡುವ ಅಣ್ಣ, ಹಾಲಿನ ಸೊಸೈಟಿಯಲ್ಲಿ ಕ್ಯಾನು ಹಿಡಿದು ನಿಲ್ಲುವವರು, ನೆರೆಮನೆಯ ಅಜ್ಜ. ಇವರೊಂದಿಗಿನ ಲೆಕ್ಕ ಸಂಜೆಗೆ ಮುಗಿಯುವಂಥದ್ದಲ್ಲ. ನಾಳೆ ಬೆಳಿಗ್ಗೆ ಅದೇ ದಾರಿಯಲ್ಲಿ ಎದುರು ಸಿಗುವವರು.

ನನ್ನದು ಮೂರು ಎಕ್ರೆ ಅಡಿಕೆ ತೋಟ. ಎಡೆಯಲ್ಲಿ ಕೊಕ್ಕೋ, ಮರಗಳಿಗೆ ಒಳ್ಳೆಮೆಣಸಿನ ಬಳ್ಳಿ. ಕ್ಯಾಮರಾ ಕೈಗೆ ಬಂದು ಮೂವತ್ತು ವರ್ಷ ಸಮೀಪಿಸಿತು. ಮೊದಲು 36 ಚಿತ್ರದ ರೀಲು, ಆಮೇಲೆ ಡಿಜಿಟಲ್, ಈಗ ಹೆಚ್ಚಿನ ದಿನ ಕಿಸೆಯ ಮೊಬೈಲು. ಬಹುಮಾನ ಬಂದದ್ದಿಲ್ಲ. ಆದರೆ ನಮ್ಮ ಬೈಲಿನ ಹತ್ತಿಪ್ಪತ್ತು ಮನೆಗಳ ಗೋಡೆಯಲ್ಲಿ ನಾನು ತೆಗೆದ ಚಿತ್ರ ಇದೆ. ಈ ಹವ್ಯಾಸದಲ್ಲಿ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಬೊಜ್ಜದ ಮುಂಚಿನ ಹುಡುಕಾಟ

ಮೊಬೈಲು ಬಂದ ಮೇಲೆ ಎಲ್ಲರ ಫೋಟೋ ಎಲ್ಲರಲ್ಲೂ ಇದೆ ಎಂದು ನಾವು ತಿಳಿದಿದ್ದೇವೆ. ಒಂದು ಮನೆಯಲ್ಲಿ ಹಿರಿಯರು ತೀರಿಕೊಂಡಾಗ ನೋಡಿ. ಬೊಜ್ಜಕ್ಕೆ ಕಟ್ಟು ಹಾಕಿಸಲು ಒಂದು ಫೋಟೋ ಬೇಕು. ಮಗನ ಮೊಬೈಲಿನಲ್ಲಿ ಸಾವಿರ ಚಿತ್ರ ಇರುತ್ತದೆ: ಮಗುವಿನದ್ದು, ಹೂವಿನದ್ದು, ಗೇರುಹಣ್ಣಿನದ್ದು. ಅಪ್ಪನದ್ದು ಇಲ್ಲ. ಕೊನೆಗೆ ಯಾರದೋ ಮದುವೆಯ ಗುಂಪಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತ ಅಪ್ಪನ ತಲೆಯನ್ನು ಕತ್ತರಿಸಿ ದೊಡ್ಡದು ಮಾಡಬೇಕು. ಅದೂ ಸಿಗದಿದ್ದರೆ ಮತದಾರರ ಗುರುತಿನ ಚೀಟಿ.

ಕೂಲಿ ಮಾಡಿ ಬದುಕುವವರ ಮನೆಗಳಲ್ಲಿ ಈ ಕೊರತೆ ಇನ್ನೂ ಹೆಚ್ಚು. ನಲವತ್ತು ವರ್ಷ ನಮ್ಮ ತೋಟಗಳಲ್ಲಿ ದುಡಿದವರ ಒಂದು ನೆಟ್ಟಗಿನ ಮುಖಚಿತ್ರ ಅವರ ಮನೆಯಲ್ಲಿ ಇರುವುದಿಲ್ಲ, ನಮ್ಮ ಮನೆಯಲ್ಲೂ ಇರುವುದಿಲ್ಲ. ಹೊಸ ಪಂಪ್‌ಸೆಟ್ಟು ಬಂದರೆ ಅದರ ಫೋಟೋ ತೆಗೆದು ಊರಿಗೆಲ್ಲ ಕಳಿಸುತ್ತೇವೆ, ಹೊಂಡ ತೆಗೆದವರ ಮುಖ ಅದರಲ್ಲಿ ಬರುವುದಿಲ್ಲ. ಹವ್ಯಾಸಿಯ ಕೆಲಸ ಇಲ್ಲಿಂದ ಸುರುವಾಗುತ್ತದೆ.

‘ನಾಳೆ’ ಎಂದರೆ ಬೇಡ ಎಂದರ್ಥ

ತಾಂತ್ರಿಕ ವಿಷಯಕ್ಕೆ ಹೋಗುವ ಮುಂಚೆ ಒಂದು ಮುಖ್ಯ ಮಾತು. ಪೇಟೆಯ ಮಾಡೆಲ್‌ಗೆ ಇಷ್ಟವಿಲ್ಲದಿದ್ದರೆ ಬರುವುದಿಲ್ಲ. ನಮ್ಮಲ್ಲಿ ಕೆಲಸ ಕೊಡುವವನೇ ಕ್ಯಾಮರಾ ಹಿಡಿದು ನಿಂತರೆ ‘ಬೇಡ’ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ನಗುತ್ತಾ ನಿಲ್ಲುತ್ತಾರೆ. ಆ ನಗುವಿನಲ್ಲಿ ಮುಜುಗರ ಎದ್ದು ಕಾಣುತ್ತದೆ, ಚಿತ್ರವೂ ಹಾಗೇ ಬರುತ್ತದೆ.

ನಾನು ಅನುಸರಿಸುವ ಕ್ರಮ ಹೀಗಿದೆ. ಒಂದು ದಿನ ಮುಂಚೆ ಕೇಳುವುದು. ಕ್ಯಾಮರಾ ಕೈಯಲ್ಲಿ ಇಲ್ಲದಾಗ ಕೇಳುವುದು. ಹೆಂಗಸರನ್ನು ಕೇಳಬೇಕಿದ್ದರೆ ನನ್ನ ಹೆಂಡತಿಯೇ ಕೇಳುತ್ತಾಳೆ. “ನಾಳೆ ನೋಡುವ ಅಣ್ಣಾ” ಎಂದರೆ ಅದು ಬೇಡ ಎಂದೇ ಲೆಕ್ಕ. ಮತ್ತೆ ಎತ್ತುವುದಿಲ್ಲ. ಆರು ತಿಂಗಳು ಕಳೆದು ಅವರೇ “ಅವತ್ತು ಫೋಟೋ ಅಂದಿದ್ರಲ್ಲ?” ಎಂದು ಕೇಳಿದ್ದುಂಟು.

ಇನ್ನೊಂದು, ಹೊತ್ತಿನ ವಿಚಾರ. ಗುತ್ತಿಗೆಯಲ್ಲಿ ಸುಲಿಯುವವರಿಗೆ ಕಿಲೋ ಲೆಕ್ಕದಲ್ಲಿ ಸಂಬಳ. ಅರ್ಧ ಗಂಟೆ ನೀವು ಕೂರಿಸಿದರೆ ಅಷ್ಟು ಅಡಿಕೆ ಕಡಿಮೆ. ಆ ಹೊತ್ತಿನ ಕೂಲಿಯನ್ನು ಸೇರಿಸಿಯೇ ಕೊಡಬೇಕು. ಇದನ್ನು ಔದಾರ್ಯ ಎಂದು ತಿಳಿಯಬೇಡಿ. ಪೇಟೆಯವರು ಮಾಡೆಲ್‌ಗೆ ಕೊಡುವುದೂ ಇದೇ ಹೊತ್ತಿನ ಬೆಲೆ.

ಸುಕ್ಕೋ, ಇಸ್ತ್ರಿಯೋ?

ಹೊರಗಿನಿಂದ ಬರುವ ಫೋಟೋದವರಿಗೆ ಬೇಕಾದ್ದು ಮುಖದ ಸುಕ್ಕು, ಹರಿದ ಬೈರಾಸು, ತಲೆಯ ಮುಟ್ಟಾಳೆ. ಫೋಟೋ ತೆಗೆಸಿಕೊಳ್ಳುವವರಿಗೆ ಬೇಕಾದ್ದು ಇಸ್ತ್ರಿ ಹಾಕಿದ ಅಂಗಿ, ಕೈಗೆ ವಾಚು, ಮಡಿಕೆ ಬಿಡಿಸದ ಸೀರೆ. ಈ ಜಗಳ ಎಲ್ಲ ಕಡೆ ಇದೆ.

ಒಬ್ಬರು ಅಜ್ಜಿ, ಎಪ್ಪತ್ತು ದಾಟಿದವರು, ನಮ್ಮಲ್ಲಿ ಅಡಿಕೆ ಹೆಕ್ಕಲು ಬರುತ್ತಿದ್ದರು. ಸೋಗೆಯ ರಾಶಿಯ ಎದುರು ಅವರು ಕೂತ ಭಂಗಿ ನನ್ನ ಕಣ್ಣಿಗೆ ತುಂಬ ಚಂದ ಕಂಡಿತ್ತು. ಕೇಳಿದೆ. ಅವರು ಖಡಾಖಂಡಿತ ಹೇಳಿದರು: “ಹೀಗೆ ಬೇಡ ಮಗಾ. ಇದು ಎಲ್ಲರೂ ದಿನಾ ನೋಡುವ ವೇಷ. ಆದಿತ್ಯವಾರ ಬರ್ತೇನೆ.” ಆದಿತ್ಯವಾರ ಮೊಮ್ಮಗಳ ಮದುವೆಗೆ ಉಟ್ಟ ಸೀರೆಯಲ್ಲಿ, ತಲೆಗೆ ಎಣ್ಣೆ ಹಾಕಿ, ಅಬ್ಬಲಿಗೆ ಮುಡಿದು ಬಂದರು. ಜಗಲಿಯ ಕುರ್ಚಿಯಲ್ಲಿ ಎರಡೂ ಕೈ ಮೊಣಕಾಲ ಮೇಲಿಟ್ಟು ನೇರ ಕೂತರು. ನಗಲಿಲ್ಲ. ಆ ಚಿತ್ರ ಈಗ ಅವರ ಮಗನ ಮನೆಯಲ್ಲಿದೆ. ಸೋಗೆಯ ಎದುರಿನದ್ದನ್ನೂ ಅದೇ ವರ್ಷ ತೆಗೆಯಲು ಬಿಟ್ಟರು, “ನಿನಗೆ ಬೇಕಾದ್ದು ಇದಲ್ವಾ” ಎಂದು ನಗುತ್ತಾ.

ಅಂದಿನಿಂದ ನನ್ನ ನಿಯಮ ಇದು: ಮೊದಲು ಅವರಿಗೆ ಬೇಕಾದ ಚಿತ್ರ, ಆಮೇಲೆ ನಮಗೆ ಬೇಕಾದ್ದು. ಮೊದಲಿನದ್ದು ಮುಗಿದ ಮೇಲೆ ಅವರ ಭುಜ ತಾನಾಗಿ ಇಳಿಯುತ್ತದೆ. ನಿಜವಾದ ಮುಖ ಸಿಗುವುದು ಹೆಚ್ಚಾಗಿ ಆ ಹೊತ್ತಿನಲ್ಲೇ.

ಹಳಬರು ಅಟೆನ್ಶನ್ನಿನಲ್ಲಿ ನಿಂತರೆ ಬೇಸರ ಬೇಡ. ಅವರು ಕಂಡ ಫೋಟೋಗಳೆಲ್ಲ ಸ್ಟುಡಿಯೋದ ಪರದೆಯ ಎದುರು ಹಾಗೇ ನಿಂತು ತೆಗೆಸಿದವು. ‘ಸಹಜವಾಗಿ ಇರಿ’ ಎಂದರೆ ಇನ್ನೂ ಬಿಗಿಯಾಗುತ್ತಾರೆ. ಕೈಗೆ ಗೊತ್ತಿರುವ ಕೆಲಸ ಕೊಡಿ. ವೀಳ್ಯದೆಲೆಗೆ ಸುಣ್ಣ ಹಚ್ಚುವುದು, ಕತ್ತಿ ಮಸೆಯುವುದು, ಒಳ್ಳೆಮೆಣಸು ಗೇರುವುದು, ಯಾವುದೂ ಆದೀತು. ಕೈಗೆ ಕೆಲಸ ಸಿಕ್ಕಿದರೆ ಮುಖ ಹಗುರಾಗುತ್ತದೆ. ಮಾತು ಆಡಿಸುತ್ತಿರಿ, ಫೋಟೋದ ಬಗ್ಗೆ ಬೇಡ. ಈ ಸಲ ಕೊಳೆರೋಗ ಎಷ್ಟು, ದನ ಕರು ಹಾಕಿತಾ ಎಂದು ಕೇಳಿ. ಮಾತು ಮುಗಿದು ಅವರು ಉಸಿರು ಬಿಡುವಾಗ ಕ್ಲಿಕ್ ಮಾಡಿ. ಮಾತಿನ ನಡುವೆ ತೆಗೆದರೆ ಬಾಯಿ ವಕ್ರ ಬರುತ್ತದೆ.

ಅಂಗಳದ ಬೆಳಕು

ಮುಖಚಿತ್ರಕ್ಕೆ ಬೇಕಾದ್ದು ಮೆತ್ತಗಿನ ಬೆಳಕು, ಅದೂ ಒಂದು ಬದಿಯಿಂದ. ಹಳೆಯ ಮನೆಯ ಜಗಲಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಮೇಲೆ ಮಾಡು ಇದೆ, ನೆತ್ತಿಯ ಬಿಸಿಲು ಬೀಳದು. ಎದುರು ಅಂಗಳ ಇದೆ, ಅಲ್ಲಿಂದ ಬೆಳಕು ಹಾರಿ ಬರುತ್ತದೆ. ಕೂತವರನ್ನು ಜಗಲಿಯ ಅಂಚಿನಿಂದ ಎರಡು ಮೂರು ಅಡಿ ಒಳಗೆ ಕೂರಿಸಿ, ಮುಖವನ್ನು ಸ್ವಲ್ಪ ಅಂಗಳದತ್ತ ತಿರುಗಿಸಿ. ಒಂದು ಕೆನ್ನೆ ಬೆಳಗುತ್ತದೆ, ಇನ್ನೊಂದು ಮೆಲ್ಲನೆ ನೆರಳಿಗೆ ಸರಿಯುತ್ತದೆ. ನೆರಳಿನ ಬದಿ ತೀರಾ ಕಪ್ಪಾದರೆ ಆ ಕಡೆ ಒಂದು ಬಿಳಿ ಮುಂಡು ಹರಡಿ ಹಿಡಿಸಿ, ಅಥವಾ ಥರ್ಮಾಕೋಲ್ ಹಾಳೆ ನಿಲ್ಲಿಸಿ. ಖರ್ಚು ಇಲ್ಲ.

ತೋಟದ ಒಳಗೆ ತೆಗೆಯುವುದು ಕಷ್ಟ. ಅಡಿಕೆ ಸೋಗೆಯ ಎಡೆಯಿಂದ ಬೀಳುವ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಬಿಳಿ ಕಲೆಯಾಗಿ ಕೂರುತ್ತವೆ. ಸುತ್ತಲಿನ ಹಸಿರು ಚರ್ಮಕ್ಕೂ ಹಸಿರು ಛಾಯೆ ಕೊಡುತ್ತದೆ. ನೀಲಿ ಟಾರ್ಪಾಲಿನ ಕೆಳಗೆ ಕೂತವರ ಮುಖ ನೀಲಿಯಾಗುವುದೂ ಹೀಗೆಯೇ. ತೋಟದಲ್ಲೇ ತೆಗೆಯಬೇಕಿದ್ದರೆ ಮೋಡದ ದಿನ ಆರಿಸಿ. ಮಳೆ ಹೊಳವಾದ ಅರ್ಧ ಗಂಟೆಯಲ್ಲಿ ಸಿಗುವ ಬೆಳಕು ವರ್ಷದಲ್ಲೇ ಒಳ್ಳೆಯದು. ಮತ್ತೆ, ತಲೆಯ ಹಿಂದೆ ಏನಿದೆ ಎಂದು ನೋಡಿ. ನೆತ್ತಿಯಿಂದ ಅಡಿಕೆ ಮರ ಹುಟ್ಟಬಾರದು. ನೀವು ಒಂದು ಹೆಜ್ಜೆ ಬದಿಗೆ ಸರಿದರೆ ಸಾಕು.

ನಮ್ಮ ಜಿಲ್ಲೆಯ ಕೃಷಿಕರಲ್ಲಿ ಹಲವರ ಹತ್ತಿರ ಇನ್ನೂ ಒಳ್ಳೆಯ ಸ್ಟುಡಿಯೋ ಇದೆ, ಅವರಿಗೆ ಗೊತ್ತಿಲ್ಲ. ಅಡಿಕೆ ಒಣಗಿಸಲು ಅಂಗಳಕ್ಕೆ ಹಾಕಿಸುವ ಯುವಿ ಪ್ಲಾಸ್ಟಿಕ್ ಶೀಟಿನ ಮಾಡು. ಒಂದೆರಡು ವರ್ಷ ಕಳೆದು ಶೀಟು ಸ್ವಲ್ಪ ಮಂಜಾಗಿರುತ್ತದಲ್ಲ, ಅದರ ಕೆಳಗೆ ಬೆಳಕು ಹಾಲು ಚೆಲ್ಲಿದ ಹಾಗೆ ಸಮನಾಗಿ ಹರಡಿರುತ್ತದೆ. ಬೆಳಿಗ್ಗೆ ಎಂಟು ಒಂಬತ್ತರ ಒಳಗೆ ತೆಗೆಯಿರಿ. ಆಮೇಲೆ ಒಳಗೆ ಧಗೆ, ಕೂತವರು ಬೆವರುತ್ತಾರೆ.

ದೂರ ಎಷ್ಟು, ಬಣ್ಣ ಹೇಗೆ?

ಮೊಬೈಲಿನಲ್ಲಿ ಮುಖ ತೆಗೆಯುವವರು ತೀರಾ ಹತ್ತಿರ ಹೋಗುತ್ತಾರೆ. ಮೊಬೈಲಿನ ಮುಖ್ಯ ಲೆನ್ಸು ಅಗಲ ನೋಟದ್ದು. ಎರಡಡಿ ದೂರದಿಂದ ತೆಗೆದರೆ ಮೂಗು ದೊಡ್ಡದು, ಕಿವಿ ಸಣ್ಣದು ಬರುತ್ತದೆ. ದೋಷ ನಿಂತ ದೂರದ್ದು. ಐದಾರು ಅಡಿ ಹಿಂದೆ ನಿಂತು, ಎರಡು ಪಟ್ಟಿನ ಝೂಮ್ ಇದ್ದರೆ ಅದನ್ನು ಬಳಸಿ. ಕ್ಯಾಮರಾ ಇರುವವರು 50 ಮಿ.ಮೀ. ಲೆನ್ಸು ತೆಗೆದುಕೊಳ್ಳಬಹುದು. ಸಾಮಾನ್ಯ ಡಿಜಿಟಲ್ ಕ್ಯಾಮರಾಗಳ ಸಣ್ಣ ಸೆನ್ಸರಿನಲ್ಲಿ ಅದು ಹಳೆಯ ರೀಲು ಕ್ಯಾಮರಾದ 75–80 ಮಿ.ಮೀ. ಲೆನ್ಸಿನಷ್ಟೇ ನೋಟ ಕೊಡುತ್ತದೆ. ಮುಖಕ್ಕೆ ಅದು ಹಿತವಾದ ಅಳತೆ. ಹತ್ತಿರ ಇರುವ ಕಣ್ಣಿಗೆ ಫೋಕಸ್ ಮಾಡಿ. ಶಟರ್ ವೇಗ ಸೆಕೆಂಡಿನ 125ನೇ ಒಂದು ಭಾಗಕ್ಕಿಂತ ನಿಧಾನ ಆಗದಿರಲಿ.

ಬಣ್ಣದ ವಿಚಾರ ಸ್ವಲ್ಪ ವಿವರಿಸಬೇಕು. ಬಿಸಿಲಿಗೆ ಕಪ್ಪಾದ ಮುಖ, ಮೈಗೆ ಬಿಳಿ ಮುಂಡು, ಬಿಳಿ ಅಂಗಿ. ಇದು ನಮ್ಮ ಗಂಡಸರ ಸಾಮಾನ್ಯ ಉಡುಗೆ. ಕ್ಯಾಮರಾದ ಮೀಟರು ಬಿಳಿಯನ್ನು ಕಂಡು ಬೆಳಕು ಹೆಚ್ಚಾಯಿತೆಂದು ತಿಳಿದು ಕಡಿಮೆ ಮಾಡುತ್ತದೆ. ಅಂಗಿ ಚೆನ್ನಾಗಿ ಬರುತ್ತದೆ, ಮುಖ ಕಪ್ಪು ಮುದ್ದೆ. ಮೊಬೈಲಿನಲ್ಲಾದರೆ ಪರದೆಯಲ್ಲಿ ಮುಖವನ್ನು ಮುಟ್ಟಿ, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದು ಮುಖಕ್ಕೆ ಹೊಂದಿಸಿ. ಹಿನ್ನೆಲೆ ಕತ್ತಲಿದ್ದರೆ ಉಲ್ಟಾ ಆಗುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ಆಗ ಕೆಳಗೆ ಎಳೆಯಿರಿ. ಎದುರಿನಿಂದ ಫ್ಲಾಶ್ ಹೊಡೆದು ಮುಖ ಬೆಳ್ಳಗೆ ಮಾಡಬೇಡಿ.

ಇದರ ಹಿಂದೆ ಒಂದು ಕತೆಯೂ ಇದೆ. ಕಲರ್ ರೀಲಿನ ಕಾಲದಲ್ಲಿ ಲ್ಯಾಬುಗಳು ಬಣ್ಣ ಸರಿಹೊಂದಿಸಲು ಕೋಡಾಕ್ ಕಂಪನಿಯ ಒಂದು ಮಾದರಿ ಚಿತ್ರ ಇಟ್ಟುಕೊಳ್ಳುತ್ತಿದ್ದವು. ಅದರಲ್ಲಿ ಇದ್ದದ್ದು ಬಿಳಿ ಚರ್ಮದ ಹೆಂಗಸು. ಮೊದಲು ಆ ಚಿತ್ರಕ್ಕೆ ಕೂತವಳ ಹೆಸರಿನಿಂದ ಅದಕ್ಕೆ ‘ಶರ್ಲಿ ಕಾರ್ಡ್’ ಎಂದೇ ಹೆಸರಾಯಿತು. ಹತ್ತಾರು ವರ್ಷ ಬಣ್ಣದ ಅಳತೆಗೋಲು ಅವಳ ಕೆನ್ನೆ. ಬೇರೆ ಬೇರೆ ಮೈಬಣ್ಣದವರನ್ನು ಸೇರಿಸಿದ ಕಾರ್ಡು ಬಂದದ್ದು 1990ರ ದಶಕದಲ್ಲಿ. ನಮ್ಮವರ ಮುಖ ಫೋಟೋದಲ್ಲಿ ‘ಸರಿ ಬರುವುದಿಲ್ಲ’ ಎನ್ನುವ ಮಾತು ಎಷ್ಟೋ ವರ್ಷ ಕೇಳಿದ್ದೇವಲ್ಲ, ಕೊರತೆ ಮುಖದ್ದಾಗಿರಲಿಲ್ಲ.

ಕೋಳಿಗೂಡಿನ ಸ್ಟುಡಿಯೋ

ಹವ್ಯಾಸಿಗಳಿಗೆ ಧೈರ್ಯ ಕೊಡುವ ಒಬ್ಬ ಹೆಂಗಸಿನ ವಿಷಯ ಹೇಳುತ್ತೇನೆ. ಹೆಸರು ಜೂಲಿಯಾ ಮಾರ್ಗರೆಟ್ ಕ್ಯಾಮರಾನ್. ಹುಟ್ಟಿದ್ದು 1815ರಲ್ಲಿ, ನಮ್ಮ ಕಲ್ಕತ್ತೆಯಲ್ಲಿ. ಇಂಗ್ಲೆಂಡಿನ ದಕ್ಷಿಣಕ್ಕಿರುವ ವೈಟ್ ದ್ವೀಪದಲ್ಲಿ ಸಂಸಾರ. 1863ರ ಕೊನೆಗೆ ಮಗಳು ಮತ್ತು ಅಳಿಯ ಒಂದು ಕ್ಯಾಮರಾ ಉಡುಗೊರೆ ಕೊಟ್ಟರು. ಆಗ ಆಕೆಗೆ 48 ವರ್ಷ. ಮನೆಯ ಕಲ್ಲಿದ್ದಲಿನ ಕೊಟ್ಟಿಗೆ ಡಾರ್ಕ್ ರೂಮ್ ಆಯಿತು. ಗಾಜು ಹಾಕಿದ ಕೋಳಿಗೂಡು ಸ್ಟುಡಿಯೋ ಆಯಿತು. ನಮ್ಮ ಪ್ಲಾಸ್ಟಿಕ್ ಶೀಟಿನ ಮಾಡಿಗೂ ಅದಕ್ಕೂ ಹೆಚ್ಚಿನ ವ್ಯತ್ಯಾಸ ಇಲ್ಲ ನೋಡಿ.

ಕಾಸಿಗೆ ಮಾಡೆಲ್ ಹುಡುಕಿಕೊಂಡು ಆಕೆ ಪೇಟೆಗೆ ಹೋಗಲಿಲ್ಲ. ಮನೆಗೆಲಸದವರು, ನೆರೆಯವರು, ನೆಂಟರು ಇದ್ದರು. ನೆರೆಯಲ್ಲಿದ್ದ ಕವಿ ಟೆನಿಸನ್, ವಿಜ್ಞಾನಿ ಡಾರ್ವಿನ್ ಕೂಡ ಅವಳ ಕ್ಯಾಮರಾದ ಎದುರು ಕೂತವರೇ. ಅವರಷ್ಟೇ ಗೌರವದಲ್ಲಿ ಮನೆಕೆಲಸದ ಮೇರಿ ಹಿಲಿಯರ್‌ಳ ಚಿತ್ರಗಳೂ ಇವೆ. ಮತ್ತೆ ಮತ್ತೆ ಮಾತೆ ಮೇರಿಯ ಪಾತ್ರದಲ್ಲಿ ಅವಳನ್ನು ಕೂರಿಸಿದ್ದರು. ಅಂದಿನ ಗಾಜಿನ ಪ್ಲೇಟಿಗೆ ನಿಮಿಷಗಟ್ಟಲೆ ಅಲ್ಲಾಡದೆ ಕೂರಬೇಕಿತ್ತು. ಕೂತವರ ತಾಳ್ಮೆಯೇ ಆ ಚಿತ್ರದ ಅರ್ಧ ಬಂಡವಾಳ.

ಕತೆ ನಮ್ಮ ಕಡೆಗೂ ತಿರುಗುತ್ತದೆ. ಅವಳ ಗಂಡನಿಗೆ ಸಿಲೋನಿನಲ್ಲಿ ಕಾಫಿ ತೋಟ ಇತ್ತು. 1869ರಲ್ಲಿ ಅಲ್ಲಿ ಎಲೆತುಕ್ಕು ರೋಗ ಕಾಣಿಸಿತು. ಮುಂದಿನ ವರ್ಷಗಳಲ್ಲಿ ಸಿಲೋನಿನ ಕಾಫಿಯನ್ನೇ ಅದು ತೆಗೆಯಿತು. ಮಲೆನಾಡು, ಕೊಡಗಿನ ಬೆಳೆಗಾರರಿಗೆ ಆ ಶಿಲೀಂಧ್ರದ ಪರಿಚಯ ಚೆನ್ನಾಗಿ ಇದೆ. 1875ರಲ್ಲಿ ದಂಪತಿ ಸಿಲೋನಿಗೆ ಹೋದರು. 1879ರಲ್ಲಿ ಆಕೆ ಅಲ್ಲೇ ತೀರಿಕೊಂಡಳು. ಅಲ್ಲಿಯೂ ಕೆಲವು ಚಿತ್ರ ತೆಗೆದಳು. ಅವುಗಳಲ್ಲೊಂದರ ಹೆಸರು ‘ಕಳುತರದ ರೈತರ ಗುಂಪು’. ಅಷ್ಟೇ. ಇಂಗ್ಲೆಂಡಿನ ಮನೆಕೆಲಸದವಳ ಹೆಸರು ಉಳಿಯಿತು, ಕಳುತರದ ರೈತರ ಹೆಸರು ಚಿತ್ರದ ಜೊತೆ ಬರಲಿಲ್ಲ. ಚಿತ್ರ ಎಷ್ಟು ಚೆನ್ನಾಗಿದ್ದರೂ ಈ ಜಾಗ ಖಾಲಿ.

ಬಟಾಣಿ ಕೊಯ್ಲಿನ ತಾಯಿ

ಇನ್ನೊಂದು ಉದಾಹರಣೆ ಅಮೆರಿಕದ್ದು. 1936ರ ಮಾರ್ಚ್. ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ ಚಳಿಗೆ ಬಟಾಣಿ ಬೆಳೆ ಹಾಳಾಗಿತ್ತು. ಕೊಯ್ಲಿಗೆಂದು ಬಂದ ಕೂಲಿಕಾರರು ಕೆಲಸವಿಲ್ಲದೆ, ಊಟವಿಲ್ಲದೆ ಡೇರೆಗಳಲ್ಲಿ ಕೂತಿದ್ದರು. ಸರಕಾರದ ಕೆಲಸದಲ್ಲಿದ್ದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ಆ ಫಲಕ ದಾಟಿ ಸುಮಾರು 20 ಮೈಲು ಮುಂದೆ ಹೋದವಳು ತಿರುಗಿ ಬಂದಳು. ಮಕ್ಕಳನ್ನು ತಬ್ಬಿ ಕೂತ ಒಬ್ಬ ತಾಯಿಯ ಕೆಲವು ಚಿತ್ರ ತೆಗೆದಳು, ಹೊರಟಳು. ಹತ್ತು ನಿಮಿಷದ ಕೆಲಸ. ಹೆಸರು ಕೇಳಲಿಲ್ಲ.

ಚಿತ್ರಗಳು ಪತ್ರಿಕೆಯಲ್ಲಿ ಬಂದವು. ಸರಕಾರ ಆ ಬಿಡಾರಕ್ಕೆ 20,000 ಪೌಂಡು, ಅಂದರೆ ಸುಮಾರು 9 ಟನ್ ಆಹಾರ ಕಳಿಸಿತು. ಚಿತ್ರವೊಂದು ಹೊಟ್ಟೆಗೆ ಅನ್ನ ತಂದದ್ದು ಸಣ್ಣ ಮಾತಲ್ಲ. ಆದರೆ ಆ ತಾಯಿ ಅಷ್ಟರಲ್ಲಿ ಬೇರೆ ಊರಿಗೆ ಕೆಲಸ ಹುಡುಕಿ ಹೋಗಿಯಾಗಿತ್ತು.

ಚಿತ್ರ ಜಗತ್ಪ್ರಸಿದ್ಧವಾಯಿತು. ಆಕೆಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್ ಎಂದು ಹೊರಗೆ ಗೊತ್ತಾದದ್ದು 1978ರಲ್ಲಿ, 42 ವರ್ಷದ ಮೇಲೆ. ಆ ಚಿತ್ರ ತೆಗೆಯದಿದ್ದರೆ ಚೆನ್ನಾಗಿತ್ತು, ತನಗೆ ಅದರಿಂದ ಒಂದು ಕಾಸೂ ಬರಲಿಲ್ಲ, ಹೆಸರನ್ನೂ ಕೇಳಲಿಲ್ಲ ಎಂದು ಆಕೆ ಹೇಳಿಕೊಂಡಳು. ಬಡತನದ ಗುರುತಾಗಿ ತಮ್ಮ ಮನೆಯನ್ನು ಎಲ್ಲರೂ ನೋಡುವುದು ಮಕ್ಕಳಿಗೂ ನಾಚಿಕೆಯಾಗಿತ್ತು. ನ್ಯಾಯವಾಗಿ ಇದನ್ನೂ ಹೇಳಬೇಕು: ಲ್ಯಾಂಗ್ ಸರಕಾರದ ಸಂಬಳಕ್ಕೆ ತೆಗೆದದ್ದು, ಆ ಚಿತ್ರದ ಮಾರಾಟದ ಹಣ ಅವಳಿಗೂ ಬರಲಿಲ್ಲ. 1983ರಲ್ಲಿ ಥಾಮ್ಸನ್ ಕಾಯಿಲೆ ಬಿದ್ದಾಗ ಮಕ್ಕಳು ನೆರವು ಕೇಳಿದರು. ಆ ಚಿತ್ರದ ನೆನಪಿನಲ್ಲಿ ಜನ 35,000 ಡಾಲರಿಗಿಂತ ಹೆಚ್ಚು ಕಳಿಸಿದರು. ಅದೇ ವರ್ಷ ಆಕೆ ತೀರಿಕೊಂಡಳು.

ಈ ಎರಡು ಕತೆಯನ್ನು ಇಲ್ಲಿ ತಂದದ್ದಕ್ಕೆ ಕಾರಣ ಇದೆ. ಇಬ್ಬರು ಮಹಾ ಛಾಯಾಗ್ರಾಹಕಿಯರ ಎದುರು ಕೂತ ರೈತರೂ ಕೂಲಿಕಾರರೂ ಹೆಸರಿಲ್ಲದೆ ಉಳಿದರು. ಒಂದು ಪೆನ್ಸಿಲು, ಒಂದು ಚೀಟಿಯಲ್ಲಿ ತೀರುವ ಕೆಲಸ ಅದು. ನಮ್ಮ ಹತ್ತಿರ ಅವರಷ್ಟು ಕಲೆ ಇಲ್ಲದಿರಬಹುದು, ಹೆಸರು ಬರೆಯಲು ಕಲೆ ಬೇಡವಲ್ಲ.

ನಮ್ಮವರೇ ಆದ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಜೀವಮಾನವಿಡೀ ಸಾಮಾನ್ಯ ಜನರ ಮುಖಗಳನ್ನು ತೆಗೆದವರು. ಅವರ ಚಿತ್ರಗಳು ಸಿಕ್ಕಿದರೆ ನೋಡಿ. ಬಡವರನ್ನು ಕನಿಕರದ ವಸ್ತು ಮಾಡದೆ ತೆಗೆಯುವುದು ಹೇಗೆ ಎಂಬುದಕ್ಕೆ ಅದೇ ಪಾಠ.

ಒಪ್ಪಿಗೆಯ ಚೀಟಿ

ನನ್ನ ಸಂಬಂಧಿಕರೊಬ್ಬರ ಅನುಭವ ಕೇಳಿ. ಅವರು ಒಳ್ಳೆಮೆಣಸಿಗೆ ಯಾವ ವಿಷವನ್ನೂ ಹಾಕದೆ ಬೆಳೆಯುವವರು. ಯಾರೋ ತೋಟ ನೋಡಲು ಬಂದು, ಏಣಿಯ ಹತ್ತಿರ ನಿಲ್ಲಿಸಿ ಫೋಟೋ ತೆಗೆದು ಹೋದರು. ಎರಡು ವರ್ಷ ಕಳೆದು ಅದೇ ಚಿತ್ರ ಒಂದು ಕೀಟನಾಶಕದ ಕರಪತ್ರದಲ್ಲಿ! “ನೀವೂ ಇದನ್ನೇ ಬಿಡುವುದಾ?” ಎಂದು ಅವರಿಂದ ಮೆಣಸು ಕೊಳ್ಳುವವರೇ ಕೇಳಿದರು. ಎಷ್ಟು ಜನಕ್ಕೆ ಉತ್ತರ ಕೊಡುವುದು? ಮುಖ ಅವರದ್ದು, ಮಾತು ಬೇರೆಯವರದ್ದು.

ಕಾನೂನು ಸ್ವಲ್ಪ ತಿಳಿದಿರಲಿ. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಚಿತ್ರದ ಹಕ್ಕು ಸಾಮಾನ್ಯವಾಗಿ ತೆಗೆದವರದ್ದು. ಹಣ ಕೊಟ್ಟು ಹೇಳಿ ತೆಗೆಸಿಕೊಂಡ ಚಿತ್ರವಾದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಮೊದಲ ಹಕ್ಕು ತೆಗೆಸಿಕೊಂಡವರದ್ದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ಕಾನೂನು ಏನೇ ಇರಲಿ, ಚಿತ್ರ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಹೇಳುವುದು ಮರ್ಯಾದೆ.

ಪೇಟೆಯವರು ಮಾಡೆಲ್‌ನ ಸಹಿ ಪಡೆಯುವ ಕಾಗದ ಇಂಗ್ಲಿಷಿನಲ್ಲಿ ಎರಡು ಪುಟ ಇರುತ್ತದೆ. ನನ್ನದು ನಾಲ್ಕು ಸಾಲು. ಬೇಕಾದವರು ಹೀಗೇ ಬರೆದುಕೊಳ್ಳಬಹುದು:

“ಈ ದಿನ ನನ್ನ ಚಿತ್ರ ತೆಗೆಯಲು ಒಪ್ಪಿದ್ದೇನೆ. ಇದನ್ನು ಕೃಷಿ ಪತ್ರಿಕೆಯಲ್ಲಿ, ಪ್ರದರ್ಶನದಲ್ಲಿ ನನ್ನ ಹೆಸರಿನೊಂದಿಗೆ ಹಾಕಬಹುದು. ಜಾಹೀರಾತಿಗೆ, ಮಾರಾಟಕ್ಕೆ ನನ್ನನ್ನು ಮತ್ತೆ ಕೇಳದೆ ಕೊಡಬಾರದು. ನನಗೆ ಒಂದು ಪ್ರತಿ ಸಿಗಬೇಕು.”

ಓದಲು ಬಾರದವರಿಗೆ ಅವರ ಮನೆಯವರ ಎದುರು, ಅವರ ಭಾಷೆಯಲ್ಲಿ ಓದಿ ಹೇಳಬೇಕು. ಮಕ್ಕಳ ಚಿತ್ರಕ್ಕೆ ತಂದೆ ತಾಯಿಯ ಒಪ್ಪಿಗೆ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚುವವರನ್ನು ತೆಗೆಯುವುದಿದ್ದರೆ ಮೊದಲೇ ಕೇಳಿ, ಕನ್ನಡಿಗೂ ದೀಪಕ್ಕೂ ಅಡ್ಡ ಬರಬೇಡಿ. ಕೋಲದಲ್ಲಿ ಕಟ್ಟಿದವರನ್ನು ‘ಸ್ವಲ್ಪ ಈ ಕಡೆ ನೋಡಿ’ ಎಂದು ಕರೆಯುವ ಕ್ರಮ ಬೇಡವೇ ಬೇಡ. ಅವರ ಮುಖಚಿತ್ರ ಬೇಕಿದ್ದರೆ ಇನ್ನೊಂದು ದಿನ ಅವರ ಮನೆಗೆ ಹೋಗಿ ಕೇಳಿ.

ವಾಟ್ಸಾಪ್ ಗುಂಪಿಗೆ ಹಾಕುವುದೂ ಪ್ರಕಟಣೆಯೇ. ಒಮ್ಮೆ ಹೋದ ಚಿತ್ರ ತಿರುಗಿ ಬರುವುದಿಲ್ಲ. ನಾನು ಹಾಕುವುದಿಲ್ಲ, ತೆಗೆಸಿಕೊಂಡವರಿಗೆ ಕಳಿಸುತ್ತೇನೆ. ಎಲ್ಲಿಗೆ ಹಾಕಬೇಕೆಂದು ಅವರೇ ನಿರ್ಧರಿಸಲಿ.

ಪಾಲು ಕೊಡುವುದು

ಗೇಣಿಯ ಕಾಲವನ್ನು ಕಂಡ ಜಿಲ್ಲೆ ನಮ್ಮದು. ಬೆಳೆದವನಿಗೆ ಪಾಲು ಸಿಗದಿದ್ದರೆ ಏನಾಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮುಖಚಿತ್ರದಲ್ಲಿ ಬೆಳೆ ಎದುರು ಕೂತವರದ್ದು, ನಮ್ಮದು ಕೊಯ್ಲು ಮಾತ್ರ. ಅವರ ಪಾಲು ಒಂದು ಪ್ರಿಂಟು. ಎರಡು ಚಹಾದ ದುಡ್ಡಿನಲ್ಲಿ ಸಣ್ಣ ಪ್ರಿಂಟು ಆಗುತ್ತದೆ. ಮೊಬೈಲಿಗೆ ಕಳಿಸಿದೆ ಎಂದು ಬಿಡಬೇಡಿ. ಮೊಬೈಲು ಹಾಳಾದರೆ ಚಿತ್ರವೂ ಹೋಯಿತು.

ಪ್ರಿಂಟಿನ ಹಿಂದೆ ಮೆದು ಪೆನ್ಸಿಲಿನಲ್ಲಿ ಹೆಸರು, ಊರು, ತಾರೀಕು ಬರೆಯಿರಿ. ಒತ್ತಿ ಬರೆಯಬೇಡಿ, ಎದುರು ಬದಿಗೆ ಗೆರೆ ಮೂಡುತ್ತದೆ. ಬಾಲ್ ಪೆನ್ನಿನ ಶಾಯಿ ನಮ್ಮ ಮಳೆಗಾಲದ ತೇವಕ್ಕೆ ಹರಡುತ್ತದೆ. ಗೋಡೆಗೆ ಹಾಕುವಾಗ ಗಾಜಿಗೂ ಚಿತ್ರಕ್ಕೂ ನಡುವೆ ಸ್ವಲ್ಪ ಎಡೆ ಬಿಡುವಂತೆ ಕಟ್ಟು ಹಾಕುವವರಿಗೆ ಹೇಳಿ. ಅಂಟಿದರೆ ಬಿಡಿಸಲಾಗದು. ಅಡುಗೆಕೋಣೆಯ ಹೊಗೆ, ನೇರ ಬಿಸಿಲು ಎರಡೂ ಬೇಡ.

ಲೆನ್ಸಿಗೂ ಮಳೆಗಾಲ ಕಷ್ಟ. ಚರ್ಮದ ಚೀಲದಲ್ಲಿ ಕಟ್ಟಿಟ್ಟರೆ ಆಟಿ ಮುಗಿಯುವುದರೊಳಗೆ ಗಾಜಿಗೆ ಬೂಸ್ಟು ಬರುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಜೆಲ್ ಬಣ್ಣ ಬದಲಿಸಿದರೆ ಬಿಸಿ ಮಾಡಿ ಒಣಗಿಸಿ ಪುನಃ ಬಳಸಬಹುದು. ಬಿಸಿಲು ಬಂದ ದಿನ ಲೆನ್ಸನ್ನು ಹೊರಗೆ ತೆಗೆದು ಬೆಳಕು ಗಾಳಿ ಕಾಣಿಸಿ.

ನನ್ನ ಹತ್ತಿರ ಒಂದು ಉದ್ದ ಪುಸ್ತಕ ಇದೆ, ಕೂಲಿ ಲೆಕ್ಕದ ಪುಸ್ತಕದ ಹಾಗೆಯೇ ಗೆರೆ ಹಾಕಿದ್ದು. ತಾರೀಕು, ಹೆಸರು, ಎಲ್ಲಿ ತೆಗೆದದ್ದು, ಏನು ಮಾಡುತ್ತಿದ್ದರು, ಎಲ್ಲಿ ಪ್ರಕಟವಾಯಿತು. ಕೊನೆಯ ಕಲಮು ‘ಪ್ರಿಂಟು ಕೊಟ್ಟಾಯಿತು’. ನಿಮ್ಮಲ್ಲಿ ಇಂಥ ಪುಸ್ತಕ ಇಲ್ಲದಿದ್ದರೆ ಈ ವಾರ ಸುರು ಮಾಡಿ. ಮನೆಯ ಅತಿ ಹಿರಿಯರಿಂದ ಸುರು ಮಾಡಿ, ಎರಡನೆಯ ಹೆಸರು ನಿಮ್ಮ ತೋಟದಲ್ಲಿ ಅತಿ ಹೆಚ್ಚು ವರ್ಷ ದುಡಿದವರದ್ದಾಗಲಿ. ನನ್ನ ಪುಸ್ತಕದಲ್ಲಿ ಸದ್ಯ ಕೊನೆಯ ಕಲಮು ಖಾಲಿ ಇರುವುದು ಮೂರು ಮನೆಯದ್ದು. ದೀಪಾವಳಿಯೊಳಗೆ ತಲುಪಿಸಬೇಕು.